ಬಿಗ್‌ಫೂಟ್ ಕಂಡವರು ಸಾವಿರಾರು, ಸಿಕ್ಕ ಮೂಳೆ ಸೊನ್ನೆ: ಸಂದೇಹಪಡುವವರು ಕೇಳುವುದಾದರೂ ಏನು?

2025ರ ಮಧ್ಯಭಾಗದಲ್ಲಿ ಮೊಬೈಲುಗಳಲ್ಲಿ ಹೊಸ ಬಗೆಯ ವಿಡಿಯೊಗಳು ಹರಿದಾಡತೊಡಗಿದವು. ಮೈತುಂಬ ಕಂದು ಕೂದಲಿನ ದೈತ್ಯನೊಬ್ಬ ಕಾಡಿನ ನಡುವೆ ನಿಂತು, ಕ್ಯಾಮೆರಾವನ್ನು ತನ್ನತ್ತಲೇ ತಿರುಗಿಸಿಕೊಂಡು, ಯೂಟ್ಯೂಬರ್‌ಗಳ ಧಾಟಿಯಲ್ಲಿ ದಿನಚರಿ ಒಪ್ಪಿಸುತ್ತಾನೆ. ಗೂಗಲ್‌ನ ವಿಯೋ 3ರಂಥ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳ ಕೈಚಳಕ ಅದು. ನೋಡಿದವರು ನಕ್ಕು ಮುಂದೆ ಹೋದರು. ಆದರೆ ಮರಗಳ ಮರೆಯಲ್ಲಿ ಏನೋ ಸರಿದುಹೋದಂತೆ ಕಾಣುವ, ಕೈ ನಡುಗಿ ಮಸುಕಾದ ಐದು ಸೆಕೆಂಡಿನ ತುಣುಕನ್ನೂ ಅದೇ ತಂತ್ರಾಂಶ ಮಾಡಿಕೊಡಬಲ್ಲದು. ಅಂಥದ್ದು ‘ಅಮೆರಿಕದ ಕಾಡಿನಲ್ಲಿ ಸೆರೆಸಿಕ್ಕ ನಿಜ ದೃಶ್ಯ’ ಎಂಬ ಒಕ್ಕಣೆ ಹೊತ್ತು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ನಗು ಸಾಲುವುದಿಲ್ಲ. ಅದನ್ನು ಯಾಕೆ ನಂಬಬಾರದು ಎಂದು ಮಕ್ಕಳು ಕೇಳಿದರೆ ಉತ್ತರ ಬೇಕು.

ಬಿಗ್‌ಫೂಟ್ ವಿಷಯದಲ್ಲಿ ಆ ಉತ್ತರ ಕೃತಕ ಬುದ್ಧಿಮತ್ತೆಗಿಂತ ಬಹಳ ಹಿಂದೆಯೇ ಸಿದ್ಧವಾಗಿದೆ.

ಯಾರು ಈ ಬಿಗ್‌ಫೂಟ್?

ಅಮೆರಿಕ ಮತ್ತು ಕೆನಡಾದ ಪಶ್ಚಿಮ ಕರಾವಳಿಯ ದಟ್ಟ ಕಾಡುಗಳಲ್ಲಿ ಇದೆಯೆಂದು ಹೇಳಲಾಗುವ, ಎರಡು ಕಾಲಿನ ಮೇಲೆ ನಡೆಯುವ, ಏಳೆಂಟು ಅಡಿ ಎತ್ತರದ, ಮೈತುಂಬ ಕೂದಲಿರುವ ಪ್ರಾಣಿ ಬಿಗ್‌ಫೂಟ್. ಕೆನಡಾದಲ್ಲಿ ಇದಕ್ಕೆ ಸಾಸ್ಕ್ವಾಚ್ ಎನ್ನುತ್ತಾರೆ. ಆ ಹೆಸರು ಅಲ್ಲಿನ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು; ಕಾಡಿನ ದೈತ್ಯರ ಕಥೆಗಳು ಅವರಲ್ಲಿ ಹಿಂದಿನಿಂದಲೂ ಇವೆ. ಹಿಮಾಲಯದ ಯೇತಿಯನ್ನು ಇದರ ದಾಯಾದಿ ಎನ್ನಬಹುದು. ಇವುಗಳಲ್ಲಿ ಯಾವುದನ್ನೂ ಜೀವವಿಜ್ಞಾನ ಇದುವರೆಗೆ ಪ್ರಾಣಿಯೆಂದು ದಾಖಲಿಸಿಲ್ಲ.

ಕಥೆಗಳು ಹಳೆಯವಾದರೂ ‘ಬಿಗ್‌ಫೂಟ್’ ಎಂಬ ಹೆಸರು ಪತ್ರಿಕೆಯ ಕೂಸು. 1958ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ಕಾಡಿನೊಳಗೆ ರಸ್ತೆ ಮಾಡುತ್ತಿದ್ದರು. ಬುಲ್ಡೋಜರ್ ನಡೆಸುತ್ತಿದ್ದ ಜೆರ್ರಿ ಕ್ರೂ ಎಂಬ ಕೆಲಸಗಾರ ಒಂದು ಬೆಳಗ್ಗೆ ತನ್ನ ಯಂತ್ರದ ಸುತ್ತ ಹದಿನಾರು ಇಂಚು ಉದ್ದದ ಹೆಜ್ಜೆಗಳನ್ನು ಕಂಡ. ಮತ್ತೆ ಅಂಥ ಹೆಜ್ಜೆಗಳು ಮೂಡಿದಾಗ ಪ್ಲಾಸ್ಟರ್ ಸುರಿದು ಅಚ್ಚು ತೆಗೆದ. ಆ ಅಚ್ಚನ್ನು ಎದೆಗವಚಿಕೊಂಡು ನಿಂತ ಅವನ ಚಿತ್ರ ‘ಹಂಬೋಲ್ಟ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ ಬಂತು. ಕೆಲಸಗಾರರು ತಮ್ಮೊಳಗೆ ಕರೆಯುತ್ತಿದ್ದ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಆ ರಸ್ತೆ ಕಾಮಗಾರಿಯ ಗುತ್ತಿಗೆದಾರ ರೇ ವಾಲೇಸ್, ಕೀಟಲೆಗೆ ಹೆಸರಾದವನು. 2002ರಲ್ಲಿ ಅವನು ತೀರಿಕೊಂಡ ಮೇಲೆ ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳ ಜೋಡಿಯನ್ನು ಹೊರತೆಗೆದು ತೋರಿಸಿದರು. ಅವನ್ನು ಬೂಟಿಗೆ ಕಟ್ಟಿಕೊಂಡು ಓಡಾಡಿದ್ದು ತಮ್ಮ ಅಪ್ಪನೇ ಎಂದರು. ನಂಬಿಕೆಯುಳ್ಳವರು ಇದನ್ನು ಒಪ್ಪಲಿಲ್ಲ. ಎಲ್ಲ ಹೆಜ್ಜೆಗಳೂ ಆ ಮರದ ಪಾದಗಳಿಗೆ ಹೊಂದುವುದಿಲ್ಲ ಎಂದು ವಾದಿಸಿದರು. ಅಷ್ಟು ಹೊತ್ತಿಗೆ ನಲವತ್ತನಾಲ್ಕು ವರ್ಷ ಕಳೆದಿತ್ತು, ಬಿಗ್‌ಫೂಟ್ ಹೆಸರಿನಲ್ಲಿ ಜಾತ್ರೆಗಳೂ ಅಂಗಡಿಗಳೂ ಎದ್ದಿದ್ದವು.

ಸಂದೇಹಕ್ಕೂ ಒಂದು ಲೆಕ್ಕವಿದೆ

ಸಂದೇಹಪಡುವುದೆಂದರೆ ‘ಇಲ್ಲ’ ಎಂದು ಹಟ ಹಿಡಿಯುವುದಲ್ಲ. ಪಕ್ಕದ ಮನೆಯವರು ಬೆಳಗ್ಗೆ ಹಾಲು ತಂದು ಬಂದು, ಬೀದಿಯ ಕೊನೆಯಲ್ಲಿ ನಾಯಿ ಮಲಗಿತ್ತು ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅವರೇ ಚಿರತೆ ಕಂಡೆ ಎಂದರೆ ಹುಬ್ಬೇರುತ್ತದೆ. ಆದರೂ ಬೆಂಗಳೂರಿನ ಅಂಚಿನ ಬಡಾವಣೆಗಳಿಗೆ ಚಿರತೆ ಬಂದದ್ದುಂಟು. ಅರಣ್ಯ ಇಲಾಖೆಯವರು ಹೆಜ್ಜೆ ಗುರುತು ನೋಡುತ್ತಾರೆ, ಸಿಸಿಟಿವಿ ತೆಗೆಸುತ್ತಾರೆ, ಬೋನು ಇಡುತ್ತಾರೆ. ಅದೇ ಮನೆಯವರು ಅದೇ ಬೀದಿಯಲ್ಲಿ ಡೈನೋಸಾರ್ ಕಂಡೆ ಎಂದರೆ? ಅವರ ಪ್ರಾಮಾಣಿಕತೆ ಮೂರು ಸಲವೂ ಒಂದೇ. ಬದಲಾದದ್ದು ಅವರು ಹೇಳಿದ ಸಂಗತಿ ನಮಗೆ ಗೊತ್ತಿರುವ ಲೋಕದಿಂದ ಎಷ್ಟು ದೂರ ಎಂಬುದು. ದೂರ ಹೆಚ್ಚಿದಷ್ಟೂ ಪುರಾವೆ ಗಟ್ಟಿಯಾಗಿರಬೇಕು.

ಆದ್ದರಿಂದ ಪುರಾವೆಯೊಂದು ಬಂದಾಗ ಸಂದೇಹಪಡುವವರು ಮುಖ್ಯವಾಗಿ ಎರಡು ಪ್ರಶ್ನೆ ಹಾಕುತ್ತಾರೆ. ಇದೇ ಗುರುತು, ಇದೇ ಚಿತ್ರ, ಇದೇ ಕೂದಲು ಬೇರೆ ಯಾವುದರಿಂದ ಬಂದಿರಬಹುದು? ಮತ್ತು, ಈ ಹೇಳಿಕೆ ನಿಜವಾಗಿದ್ದರೆ ಇನ್ನೂ ಏನೇನು ಸಿಗಬೇಕಿತ್ತು? ಮೊದಲನೆಯದರ ಉತ್ತರಕ್ಕೆ ಹಲವು ಸಲ ವಾದ ಬೆಳೆಯುತ್ತದೆ. ಎರಡನೆಯದರ ಮುಂದೆ ಬಿಗ್‌ಫೂಟ್ ಪಕ್ಷದವರು ಬಹುತೇಕ ತಬ್ಬಿಬ್ಬಾಗುತ್ತಾರೆ.

ಒಂದು ನಿಮಿಷಕ್ಕೂ ಕಡಿಮೆಯ ಆ ಚಿತ್ರ

ಬಿಗ್‌ಫೂಟ್ ಎಂದೊಡನೆ ಕಣ್ಣಿಗೆ ಕಟ್ಟುವ ದೃಶ್ಯ 1967ರ ಅಕ್ಟೋಬರ್ 20ರದು. ಸ್ಥಳ ಮತ್ತೆ ಬ್ಲಫ್ ಕ್ರೀಕ್. ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಎಂಬಿಬ್ಬರು ಕುದುರೆಯ ಮೇಲೆ ಹೋಗುತ್ತಿದ್ದಾಗ ಹೊಳೆಯ ದಡದಲ್ಲಿ ಕಪ್ಪು ಆಕೃತಿಯೊಂದು ಕಂಡಿತೆಂದು, ಬಾಡಿಗೆಗೆ ತಂದ 16 ಮಿಲಿಮೀಟರ್ ಕ್ಯಾಮೆರಾದಲ್ಲಿ ಅದನ್ನು ಹಿಡಿದೆವೆಂದು ಹೇಳಿದರು. ಆಕೃತಿ ಎಡದಿಂದ ಬಲಕ್ಕೆ ದಾಪುಗಾಲಿಡುತ್ತ ನಡೆದು, ನಡುವೆ ಒಮ್ಮೆ ಕ್ಯಾಮೆರಾದತ್ತ ತಿರುಗಿ ನೋಡಿ, ಕಾಡಿನೊಳಗೆ ಮರೆಯಾಗುತ್ತದೆ.

ಪ್ಯಾಟರ್ಸನ್ ಅಲ್ಲಿಗೆ ಹೋದದ್ದೇ ಬಿಗ್‌ಫೂಟ್ ಕುರಿತು ಸಾಕ್ಷ್ಯಚಿತ್ರ ಮಾಡಲು. ಅದಕ್ಕೂ ಮೊದಲೇ ಆ ವಿಷಯದ ಮೇಲೆ ಒಂದು ಪುಸ್ತಕ ಬರೆದಿದ್ದ. ಹುಡುಕಲು ಹೊರಟವನಿಗೇ ಸಿಕ್ಕಿತು ಎಂಬುದು ಸುಳ್ಳಿನ ರುಜುವಾತಾಗದು. ಹುಲಿಯ ಚಿತ್ರ ತೆಗೆಯುವವರೂ ಹುಡುಕಿಕೊಂಡೇ ಹೋಗುತ್ತಾರೆ. ಚಿತ್ರದ ನಿಜವಾದ ತೊಡಕು ಬೇರೆ. ಆ ಕ್ಯಾಮೆರಾವನ್ನು ಹಲವು ವೇಗಗಳಲ್ಲಿ ಓಡಿಸಬಹುದಿತ್ತು, ಅಂದು ಯಾವ ವೇಗವಿತ್ತು ಎಂಬುದು ಖಚಿತವಿಲ್ಲ. ಸೆಕೆಂಡಿಗೆ ಹದಿನಾರು ಚಿತ್ರವಾಗಿದ್ದರೆ ನಡಿಗೆ ನಿಧಾನ, ತೂಕದ ಪ್ರಾಣಿಯದು ಎನ್ನಿಸುತ್ತದೆ. ಇಪ್ಪತ್ತನಾಲ್ಕಾಗಿದ್ದರೆ ಮನುಷ್ಯನ ಸಾಮಾನ್ಯ ನಡಿಗೆಗೆ ಹತ್ತಿರವಾಗುತ್ತದೆ. ಅದೊಂದು ಸಂಖ್ಯೆ ತಿಳಿಯದೆ ನಡಿಗೆಯ ಮೇಲೆ ಕಟ್ಟಿದ ವಾದಗಳೆಲ್ಲ ಅಲುಗಾಡುತ್ತವೆ. ಆ ವೇಷ ಹಾಕಿದ್ದು ತಾನೇ ಎಂದು ಮುಂದೆ ಒಬ್ಬ ಹೇಳಿಕೊಂಡ. ಅವನು ಹೇಳಿದ ವೇಷ ಮಾತ್ರ ಯಾರ ಕೈಗೂ ಸಿಕ್ಕಿಲ್ಲ, ಗಿಮ್ಲಿನ್ ತಾನು ಕಂಡದ್ದು ನಿಜವೆಂದೇ ಹೇಳುತ್ತ ಬಂದ. ಹೀಗಾಗಿ ಆ ಚಿತ್ರದ ಜಗಳ ಇವತ್ತಿಗೂ ಮುಗಿದಿಲ್ಲ. ವಿಜ್ಞಾನಿಗಳು ಅದನ್ನು ಬದಿಗಿಟ್ಟು ಕೇಳುವುದು: ಆಮೇಲೆ ಅರ್ಧ ಶತಮಾನ ಕಳೆಯಿತು, ಕ್ಯಾಮೆರಾ ಎಲ್ಲರ ಜೇಬಿಗೆ ಬಂತು, ಅದಕ್ಕಿಂತ ಸ್ಪಷ್ಟವಾದ ಇನ್ನೊಂದು ಚಿತ್ರ ಎಲ್ಲಿ?

ರಬ್ಬರ್ ಪಾದ

ಎಲ್ಲ ವಂಚನೆಗಳೂ ಇಷ್ಟು ಗೋಜಲಾಗಿರುವುದಿಲ್ಲ. 2008ರಲ್ಲಿ ಜಾರ್ಜಿಯಾ ರಾಜ್ಯದ ಇಬ್ಬರು, ಅದರಲ್ಲೊಬ್ಬ ಪೊಲೀಸ್, ಕಾಡಿನಲ್ಲಿ ಬಿಗ್‌ಫೂಟ್‌ನ ಹೆಣ ಸಿಕ್ಕಿದೆ ಎಂದು ಸಾರಿದರು. ಆಗಸ್ಟ್ 15ರಂದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಪತ್ರಿಕಾಗೋಷ್ಠಿ ನಡೆಯಿತು, ಟಿವಿ ವಾಹಿನಿಗಳು ಮುಗಿಬಿದ್ದವು. ಡಿಎನ್‌ಎ ಪರೀಕ್ಷೆಗೆ ಕೊಟ್ಟ ಮಾದರಿಗಳಲ್ಲಿ ಒಂದು ಮನುಷ್ಯನದು, ಇನ್ನೊಂದು ಒಪೊಸಮ್ ಎಂಬ ಸಣ್ಣ ಪ್ರಾಣಿಯದು ಎಂದು ತಿಳಿಯಿತು. ಅಷ್ಟರಲ್ಲಿ ಹಣ ಕೊಟ್ಟು ‘ಹೆಣ’ ಪಡೆದವರು ಅದರ ಸುತ್ತಲಿನ ಮಂಜುಗಡ್ಡೆ ಕರಗಿಸಲು ಕುಳಿತಿದ್ದರು. ಒಂದೆಳೆ ಕೂದಲು ಕಿತ್ತು ಸುಟ್ಟರೆ ಅದು ಕರಗಿ ಉಂಡೆಯಾಯಿತು. ನಿಜವಾದ ಕೂದಲು ಹಾಗೆ ಕರಗುವುದಿಲ್ಲ. ಇನ್ನಷ್ಟು ಮಂಜು ಇಳಿದಾಗ ತಲೆಯೊಳಗೆ ಟೊಳ್ಳು. ಕೊನೆಗೆ ಕಾಲು ಹೊರಬಂತು, ಮುಟ್ಟಿ ನೋಡಿದರೆ ರಬ್ಬರ್. ಪೊಲೀಸನ ಕೆಲಸ ಹೋಯಿತು.

ತಮಾಷೆ ಯಾವಾಗಲೂ ತಮಾಷೆಯಾಗಿ ಉಳಿಯುವುದಿಲ್ಲ. 2012ರ ಆಗಸ್ಟ್‌ನಲ್ಲಿ ಮೊಂಟಾನಾ ರಾಜ್ಯದಲ್ಲಿ ಒಬ್ಬ, ಸೈನಿಕರು ಹುಲ್ಲುಪೊದೆಯಂತೆ ಕಾಣಲು ತೊಡುವ ಉಡುಪು ಹಾಕಿಕೊಂಡು ರಾತ್ರಿ ಹೆದ್ದಾರಿಗಿಳಿದ. ಕಂಡವರು ಬಿಗ್‌ಫೂಟ್ ಎಂದು ಸುದ್ದಿ ಮಾಡಲಿ ಎಂಬ ಆಸೆ. ಕಾರುಗಳ ಕೆಳಗೆ ಸಿಕ್ಕಿ ಸತ್ತ.

ಹಾಗಾದರೆ ಕಂಡವರೆಲ್ಲ ಸುಳ್ಳುಗಾರರೇ?

ಅಲ್ಲ. ಸಂದೇಹಪಡುವವರನ್ನು ಜನ ಹೆಚ್ಚು ತಪ್ಪು ತಿಳಿಯುವುದು ಇಲ್ಲೇ. ಕಂಡೆ ಎನ್ನುವವರಲ್ಲಿ ಹೆಚ್ಚಿನವರು ಏನನ್ನೋ ಕಂಡಿರುತ್ತಾರೆ. ಆ ‘ಏನೋ’ ಯಾವುದೆಂಬುದಷ್ಟೇ ಪ್ರಶ್ನೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದ ನಮ್ಮ ಹಿರಿಯರು ಕಣ್ಣನ್ನು ಬೈದವರಲ್ಲ.

ಉತ್ತರ ಅಮೆರಿಕದ ಕಾಡುಗಳಲ್ಲಿ ಕಪ್ಪು ಕರಡಿಗಳು ಲಕ್ಷಗಟ್ಟಲೆ ಇವೆ. ಕರಡಿ ಹಿಂಗಾಲ ಮೇಲೆ ಎದ್ದು ನಿಲ್ಲಬಲ್ಲದು, ನಾಲ್ಕು ಹೆಜ್ಜೆ ನಡೆಯಲೂ ಬಲ್ಲದು. ನ್ಯೂಜೆರ್ಸಿಯ ಓಕ್ ರಿಜ್ ಸುತ್ತ 2014ರಿಂದ ಒಂದು ಕರಡಿ ಮುಂಗಾಲುಗಳು ಊನವಾಗಿ ಎರಡೇ ಕಾಲಿನಲ್ಲಿ ಬೀದಿ ಬೀದಿ ತಿರುಗುತ್ತಿತ್ತು. ಜನ ಅದಕ್ಕೆ ‘ಪೆಡಲ್ಸ್’ ಎಂದು ಹೆಸರಿಟ್ಟಿದ್ದರು. ಆ ವಿಡಿಯೊಗಳನ್ನು ನೋಡಿದರೆ ಕೂದಲಿನ ಅಂಗಿ ತೊಟ್ಟ ಮನುಷ್ಯನೇ ಅಂಗಳ ದಾಟುತ್ತಿದ್ದಾನೆ ಎನ್ನಿಸುತ್ತದೆ. ಹಗಲಲ್ಲಿ, ಹತ್ತಿರದಿಂದ, ಸ್ಪಷ್ಟ ಚಿತ್ರದಲ್ಲಿ ಹೀಗೆ. ಮುಸ್ಸಂಜೆಯಲ್ಲಿ ಮರಗಳ ನಡುವೆ ಎರಡು ಕ್ಷಣ ಕಂಡರೆ ಹೇಗಿದ್ದೀತು?

ಕರಡಿಯ ಹಿಂಗಾಲಿನ ಗುರುತು ಮನುಷ್ಯನ ಪಾದಕ್ಕೆ ಹೋಲುತ್ತದೆ. ನಡೆಯುವಾಗ ಮುಂಗಾಲಿನ ಗುರುತಿನ ಮೇಲೆಯೇ ಹಿಂಗಾಲೂ ಭಾಗಶಃ ಬಿದ್ದರೆ ಎರಡೂ ಸೇರಿ ಒಂದೇ ಉದ್ದನೆಯ ಹೆಜ್ಜೆಯಂತೆ ಕಾಣುತ್ತದೆ. ಹಿಮದ ಮೇಲಾದರೆ ಬಿಸಿಲಿಗೆ ಅಂಚು ಕರಗಿ ಗುರುತು ಇನ್ನೂ ಹಿಗ್ಗುತ್ತದೆ. ಭಾರತೀಯ ಸೇನೆ 2019ರ ಏಪ್ರಿಲ್ 29ರಂದು ನೇಪಾಳದ ಮಕಾಲು ಶಿಬಿರದ ಬಳಿ 32 ಇಂಚು ಉದ್ದ, 15 ಇಂಚು ಅಗಲದ ‘ಯೇತಿ’ ಹೆಜ್ಜೆಗಳು ಕಂಡವೆಂದು ಚಿತ್ರಸಹಿತ ಟ್ವೀಟ್ ಮಾಡಿದ್ದು ನೆನಪಿರಬಹುದು. ದೇಶವೆಲ್ಲ ನಕ್ಕಿತು. ನೇಪಾಳದ ಸೇನೆ ಮಾತ್ರ ಸ್ಥಳೀಯರನ್ನು ವಿಚಾರಿಸಿತು; ಅವು ಕಾಡುಕರಡಿಯ ಹೆಜ್ಜೆಗಳೆಂದು ಅವರು ಹೇಳಿದರು. ಗೇಲಿಗಿಂತ ಇಂಥ ವಿಚಾರಣೆಯೇ ಹೆಚ್ಚು ಉಪಯೋಗದ್ದು ಎಂದು ನನಗನ್ನಿಸುತ್ತದೆ.

ಕರಡಿಯ ವಾದಕ್ಕೆ ಅಂಕಿಗಳ ಬೆಂಬಲವೂ ಇದೆ. 2009ರಲ್ಲಿ ಕೆಲವು ವಿಜ್ಞಾನಿಗಳು ಬಿಗ್‌ಫೂಟ್ ಕಂಡ ಜಾಗಗಳನ್ನು ಕಂಪ್ಯೂಟರಿಗೆ ಊಡಿಸಿ, ಆ ಪ್ರಾಣಿಗೆ ಒಗ್ಗುವ ನೆಲೆಯ ನಕ್ಷೆ ತೆಗೆದರು. ಅದು ಕಪ್ಪು ಕರಡಿಯ ನೆಲೆಯ ನಕ್ಷೆಗೆ ಹೆಚ್ಚುಕಡಿಮೆ ಹೊಂದಿಕೊಂಡಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಅಮೆರಿಕ ಮತ್ತು ಕೆನಡಾದಲ್ಲಿ ಕರಡಿಗಳ ಸಂಖ್ಯೆ ಒಂದು ಸಾವಿರ ಹೆಚ್ಚಿದರೆ ಬಿಗ್‌ಫೂಟ್ ವರದಿಗಳು ಸರಾಸರಿ ಶೇ 4ರಷ್ಟು ಹೆಚ್ಚುತ್ತವೆ. ಕರಡಿಗಳು ಬೀಡುಬಿಡದ ಕಡೆಯಿಂದಲೂ ವರದಿಗಳು ಬರುವುದರಿಂದ ಎಲ್ಲವೂ ಕರಡಿಯೇ ಎಂದು ಆ ಅಧ್ಯಯನ ಹೇಳುವುದಿಲ್ಲ.

ಉಳಿದ ಪಾಲು ನಮ್ಮ ತಲೆಯೊಳಗಿನದು. ಕಣ್ಣು ಚಿತ್ರ ತೆಗೆದಿಡುವ ಯಂತ್ರವಲ್ಲ. ಸಿಕ್ಕ ಚೂರುಪಾರಿನಿಂದ ಮಿದುಳು ಚಿತ್ರ ಪೂರ್ತಿ ಮಾಡುತ್ತದೆ. ಮೋಡದಲ್ಲಿ ಮುಖ ಕಾಣುವುದು ಇದೇ ಕಾರಣಕ್ಕೆ. ಬಿಗ್‌ಫೂಟ್ ಹೆಸರಿನ ಫಲಕಗಳಿರುವ ಕಾಡಿಗೆ ಹೋದವರಿಗೆ ಆ ಪೂರ್ತಿಗೊಳಿಸುವ ಅಚ್ಚು ಮೊದಲೇ ಸಿದ್ಧವಿರುತ್ತದೆ. 1999ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಪ್ರಕಟಿಸಿದ ಪ್ರಯೋಗವಂತೂ ಇದರ ತಿರುವುಮುರುವು: ಚೆಂಡು ಎಷ್ಟು ಸಲ ಕೈ ಬದಲಾಯಿತೆಂದು ಎಣಿಸಲು ಹೇಳಿ ವಿಡಿಯೊ ತೋರಿಸಿದರು. ನಡುವೆ ಗೊರಿಲ್ಲಾ ವೇಷದ ವ್ಯಕ್ತಿ ಬಂದು ಎದೆ ಬಡಿದುಕೊಂಡು ಹೋದರೂ ಸುಮಾರು ಅರ್ಧದಷ್ಟು ಜನ ಗಮನಿಸಲೇ ಇಲ್ಲ. ಇಲ್ಲದ ವಾನರ ಕಂಡೀತು, ಇದ್ದ ವಾನರ ಕಾಣದೆಯೂ ಹೋದೀತು. ಆಮೇಲೆ ನೆನಪಿನ ಆಟ ಶುರು. ‘ಎಂಟು ಅಡಿ ಇತ್ತೇ?’ ಎಂದು ಕೇಳಿದವರ ಪ್ರಶ್ನೆಯೇ ಮುಂದಿನ ಸಲ ಕಂಡವರ ನೆನಪಿನೊಳಗೆ ಸೇರಿಕೊಳ್ಳಬಹುದು.

ಕೂದಲು ಪ್ರಯೋಗಾಲಯಕ್ಕೆ ಹೋದಾಗ

ಕೂದಲು ಹಾಗಲ್ಲ. ಅದು ಮಾತು ಬದಲಿಸುವುದಿಲ್ಲ. 1976ರಲ್ಲಿ ಪೀಟರ್ ಬರ್ನ್ ಎಂಬ ಬಿಗ್‌ಫೂಟ್ ಅನ್ವೇಷಕ, ಚರ್ಮದ ಚೂರಿಗೆ ಅಂಟಿಕೊಂಡಿದ್ದ ಹದಿನೈದು ಕೂದಲುಗಳನ್ನು ಪರೀಕ್ಷಿಸುವಂತೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯನ್ನು ಕೇಳಿದ. ಅವರು ಪರೀಕ್ಷಿಸಿ, ಜಿಂಕೆಯ ಜಾತಿಯದು ಎಂದರು. ಆ ಕಡತ 2019ರಲ್ಲಿ ಸಾರ್ವಜನಿಕವಾಯಿತು.

ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿದರು. ಬಿಗ್‌ಫೂಟ್, ಯೇತಿ ಮುಂತಾದವುಗಳದೆಂದು ಯಾರ ಬಳಿ ಕೂದಲಿದ್ದರೂ ಕಳಿಸಿ ಎಂದು ಜಗತ್ತಿಗೆಲ್ಲ ಕರೆಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂವತ್ತು ಮಾದರಿಗಳ ಗುರುತು ಹತ್ತಿತ್ತು: ಕರಡಿ, ಕುದುರೆ, ಹಸು, ತೋಳ ಅಥವಾ ನಾಯಿ, ಮುಳ್ಳುಹಂದಿ, ಜಿಂಕೆ, ಒಂದು ಮನುಷ್ಯನದು. ಹೊಸ ವಾನರ ಒಂದೂ ಇಲ್ಲ. ಲಡಾಖ್ ಮತ್ತು ಭೂತಾನದ ಎರಡು ಮಾದರಿಗಳು ಸಾವಿರಾರು ವರ್ಷ ಹಿಂದಿನ ಹಿಮಕರಡಿಗೆ ಹೊಂದುತ್ತವೆ ಎಂದು ಸೈಕ್ಸ್ ಬರೆದಾಗ ಗದ್ದಲವೆದ್ದಿತು. ಬೇರೆ ವಿಜ್ಞಾನಿಗಳು ಅದೇ ದತ್ತಾಂಶವನ್ನು ತಿರುವಿ ಹಾಕಿ, ಅವು ಹಿಮಾಲಯದ ಕಂದು ಕರಡಿಯವೇ ಎಂದು ತೋರಿಸಿದರು. ಯೇತಿಯನ್ನು ಅಲ್ಲಗಳೆದ ಪ್ರಬಂಧಕ್ಕೂ ಅದೇ ಒರೆಗಲ್ಲು, ರಿಯಾಯಿತಿ ಇಲ್ಲ. 2017ರಲ್ಲಿ ಇನ್ನೊಂದು ತಂಡ ಒಂಬತ್ತು ‘ಯೇತಿ’ ಅವಶೇಷಗಳನ್ನು ಪರೀಕ್ಷಿಸಿತು. ಎಂಟು ಕರಡಿ, ಒಂದು ನಾಯಿ.

ಇರಬೇಕಾದದ್ದು ಎಲ್ಲಿ?

ಈಗ ಎರಡನೆಯ ಪ್ರಶ್ನೆ. ಯಾವ ಪ್ರಾಣಿಯೂ ಒಂಟಿಯಾಗಿ ಶತಮಾನಗಟ್ಟಲೆ ಬದುಕಿರಲಾರದು. ಗಂಡು, ಹೆಣ್ಣು, ಮರಿ, ಮುದಿ ಎಲ್ಲ ಸೇರಿದ ಸಾಕಷ್ಟು ದೊಡ್ಡ ಸಂತತಿ ಬೇಕು. ಅಷ್ಟು ದೊಡ್ಡ ಮೈಯ ಪ್ರಾಣಿಗಳು ತಿನ್ನಬೇಕು, ಸಗಣಿ ಹಾಕಬೇಕು, ಸಾಯಬೇಕು. ಹೆದ್ದಾರಿಗಳಲ್ಲಿ ಕರಡಿಗಳು, ಜಿಂಕೆಗಳು ವಾಹನಕ್ಕೆ ಸಿಕ್ಕಿ ಸಾಯುತ್ತವೆ, ಬೇಟೆಗಾರರ ಗುಂಡಿಗೆ ಬೀಳುತ್ತವೆ. ಬಿಗ್‌ಫೂಟ್ ಒಂದೂ ಬಿದ್ದಿಲ್ಲ. ವಾಷಿಂಗ್ಟನ್ ರಾಜ್ಯದ ಸ್ಕಮೇನಿಯಾ ಕೌಂಟಿ 1969ರಲ್ಲೇ ಇದನ್ನು ಕೊಲ್ಲುವುದು ಅಪರಾಧವೆಂದು ನಿಯಮ ಮಾಡಿ, ಹತ್ತು ಸಾವಿರ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು ಎಂದು ಗೊತ್ತುಮಾಡಿತು. ತಾರೀಖು ಏಪ್ರಿಲ್ 1. ಬಂದೂಕು ಹಿಡಿದು ಕಾಡು ನುಗ್ಗುತ್ತಿದ್ದವರಿಂದ ಜನರಿಗೇ ಅಪಾಯವೆಂಬ ಕಾರಣವಂತೂ ಗಂಭೀರವಾದದ್ದೇ.

ಕಾಡು ದಟ್ಟವಾದದ್ದು, ಮೂಲೆಮೂಲೆ ನೋಡಿದವರಾರು ಎಂಬ ಮಾತಿದೆ. ಅದಕ್ಕೆ ಉತ್ತರ ಕ್ಯಾಮೆರಾ ಟ್ರ್ಯಾಪ್. ಪ್ರಾಣಿ ಎದುರು ಹಾದರೆ ತಾನೇ ಚಿತ್ರ ತೆಗೆಯುವ ಪೆಟ್ಟಿಗೆ ಅದು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಇದನ್ನೇ ಮರಗಳಿಗೆ ಕಟ್ಟಿ, ಪಟ್ಟೆಗಳ ವ್ಯತ್ಯಾಸದಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ವಿಧಾನ ರೂಪಿಸಿದರು. ಬಿಗ್‌ಫೂಟ್ ವರದಿಗಳಿಗೆ ಹೆಸರಾದ ವಾಷಿಂಗ್ಟನ್ ರಾಜ್ಯದ ಕಾಡುಗಳಲ್ಲೂ ಇಂಥ ಕ್ಯಾಮೆರಾಗಳಿವೆ. ಅಲ್ಲಿನ ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮರಿಗಳೊಂದಿಗೆ ಕಾಣದಿದ್ದ ವುಲ್ವರೀನ್ ಎಂಬ ನಾಯಿಗಾತ್ರದ ಪ್ರಾಣಿ 2020ರಲ್ಲಿ ಎರಡು ಮರಿಗಳೊಂದಿಗೆ ಸೆರೆಯಾಯಿತು. ಅಷ್ಟು ಅಪರೂಪದ ಸಣ್ಣ ಪ್ರಾಣಿ ಸಿಕ್ಕಿದೆ, ಎಂಟಡಿ ದೈತ್ಯ ಸಿಕ್ಕಿಲ್ಲ.

ಏನು ಸಿಕ್ಕರೆ ಒಪ್ಪುತ್ತಾರೆ?

ಹೊಸ ಪ್ರಾಣಿಗಳನ್ನು ವಿಜ್ಞಾನಿಗಳು ಒಪ್ಪುವುದೇ ಇಲ್ಲ ಎಂಬ ದೂರಿಗೆ ನಮ್ಮ ಹತ್ತಿರದಲ್ಲೇ ಉತ್ತರವಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಮತ್ತು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹ ಸೇರಿ ಅರುಣಾಚಲದ ತವಾಂಗ್, ಪಶ್ಚಿಮ ಕಮೆಂಗ್ ಕಡೆಯ ಎತ್ತರದ ಕಾಡುಗಳಲ್ಲಿ ಒಂದು ಕೋತಿಯನ್ನು ಗುರುತಿಸಿ, 2005ರಲ್ಲಿ ಅದನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು. ಹಳ್ಳಿಯವರಿಗೆ ಅದು ಹೊಸದಲ್ಲ, ಬೆಳೆಗೆ ಲಗ್ಗೆಯಿಡುವ ಹಳೆಯ ಪೀಡೆ. ವಿಜ್ಞಾನಿಗಳು ಸ್ಪಷ್ಟ ಚಿತ್ರಗಳಲ್ಲಿ ಬಾಲದ ಉದ್ದ, ಮುಖದ ಗುರುತು, ಮೈಬಣ್ಣವನ್ನು ನೆರೆಹೊರೆಯ ಕೋತಿಗಳೊಂದಿಗೆ ಹೋಲಿಸಿದರು. ಮುಂದೆ ಸತ್ತ ಪ್ರಾಣಿಯೊಂದರ ದೇಹದ ವಿವರಗಳೂ ದಾಖಲಾದವು. ವಿಯೆಟ್ನಾಮಿನ ಸಾವೋಲಾ ಎಂಬ ಗೊರಸಿನ ಪ್ರಾಣಿ 1992ರಲ್ಲಿ ಜಗತ್ತಿಗೆ ತಿಳಿದದ್ದು ಬೇಟೆಗಾರರ ಮನೆಗಳಲ್ಲಿದ್ದ ಕೊಂಬುಗಳಿಂದ. ಎರಡೂ ಕಡೆ ಊರವರ ಮಾತಿನಿಂದ ಹುಡುಕಾಟ ಬೆಳೆಯಿತು, ಕೈಗೆ ಸಿಗುವ ವಸ್ತುವಿನಿಂದ ಮುಗಿಯಿತು.

ಬಿಗ್‌ಫೂಟ್‌ನ ಪೂರ್ವಜ ಇರಬಹುದೆಂದು ಕೆಲವರು ಹೆಸರಿಸುವ ಜೈಜಾಂಟೊಪಿಥೆಕಸ್ ಎಂಬ ಮಹಾವಾನರ ನಿಜವಾಗಿಯೂ ಇತ್ತು. ಆದರೆ ಅದರ ಪಳೆಯುಳಿಕೆಗಳು ಸಿಕ್ಕಿರುವುದು ಏಷ್ಯಾದಲ್ಲಿ, ಹೆಚ್ಚಾಗಿ ದಕ್ಷಿಣ ಚೀನಾದಲ್ಲಿ. ಎರಡು ಲಕ್ಷ ವರ್ಷಗಳಿಗೂ ಹಿಂದೆಯೇ ಅಳಿದುಹೋದ ಅದು ಅಮೆರಿಕ ಮುಟ್ಟಿದ ಕುರುಹಿಲ್ಲ. ಅದರ ಇರುವಿಕೆ ವಿಜ್ಞಾನಕ್ಕೆ ಗೊತ್ತಾದದ್ದು 1935ರಲ್ಲಿ. ರಾಲ್ಫ್ ಫಾನ್ ಕೋನಿಗ್ಸ್‌ವಾಲ್ಡ್ ಎಂಬ ಪಳೆಯುಳಿಕೆ ತಜ್ಞ ಹಾಂಗ್‌ಕಾಂಗ್‌ನ ಔಷಧಿ ಅಂಗಡಿಯಲ್ಲಿ, ಅರೆದು ಮದ್ದು ಮಾಡಲು ಇಟ್ಟಿದ್ದ ಸರಕಿನ ನಡುವೆ ಅಸಾಧಾರಣ ದೊಡ್ಡ ದವಡೆ ಹಲ್ಲನ್ನು ಕಂಡು ಕೊಂಡುಕೊಂಡ. ಆ ಒಂದು ಹಲ್ಲಿನ ಬಲದ ಮೇಲೆ ಹೊಸ ವಾನರಕ್ಕೆ ಹೆಸರಿಟ್ಟ. ದವಡೆಗಳೂ ನೂರಾರು ಹಲ್ಲುಗಳೂ ಆಮೇಲೆ ಸಿಕ್ಕು ಅದನ್ನು ಖಚಿತಪಡಿಸಿದವು. ಬಿಗ್‌ಫೂಟ್ ಹುಡುಕುವವರಿಂದ ಸಂದೇಹಪಡುವವರು ಕೇಳುತ್ತಿರುವುದೂ ಅಷ್ಟೇ, ಒಂದು ಹಲ್ಲು.